ಮೇಣದಬತ್ತಿ ಹಚ್ಚಿ ವಿಜ್ಞಾನ ಕಲಿಸಿದ ಫ್ಯಾರಡೆ

ಶಾಲೆಯ ಸಭಾಂಗಣದಲ್ಲಿ ಯಾರಾದರೂ ವಿಜ್ಞಾನದ ಪ್ರಯೋಗ ಮಾಡಿ ತೋರಿಸಿದಾಗ ನೀವು ಕಣ್ಣರಳಿಸಿ ನೋಡಿರಬಹುದು. ಅಂಥ ಕಾರ್ಯಕ್ರಮಕ್ಕೆ ಜೀವ ತುಂಬಿದ ಮಹನೀಯರೊಬ್ಬರ ಪರಿಚಯ ಇಲ್ಲಿದೆ.

ಮೈಕೆಲ್ ಫ್ಯಾರಡೆ 1791ರಲ್ಲಿ ಲಂಡನ್ ಬಳಿ ಬಡ ಕಮ್ಮಾರನ ಮಗನಾಗಿ ಜನಿಸಿದರು. ಓದು, ಬರಹ, ಲೆಕ್ಕದ ಆಚೆಗೆ ಶಾಲೆ ಅವರಿಗೆ ದಕ್ಕಲಿಲ್ಲ. 14ನೇ ವಯಸ್ಸಿನಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಅಂಗಡಿಗೆ ಸೇರಿ, ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದತೊಡಗಿದರು. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿದರು. ಕೇಳಿದ್ದನ್ನೆಲ್ಲ ಚಿತ್ರಸಹಿತ ಬರೆದು, ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿದರು. ಮರುವರ್ಷ ಅಲ್ಲಿಯೇ ಸಹಾಯಕರಾಗಿ ನೇಮಕಗೊಂಡರು! 1831ರಲ್ಲಿ, ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಚಲಿಸಿದರೆ ವಿದ್ಯುತ್ ಹುಟ್ಟುವುದೆಂದು ತೋರಿಸಿದರು. ಇಂದಿನ ಜನರೇಟರ್‌ಗಳಿಗೆ ಇದೇ ತತ್ವ ಆಧಾರ.

1825ರಲ್ಲಿ ಆ ಸಂಸ್ಥೆ ಎಳೆಯರಿಗಾಗಿ ಕ್ರಿಸ್‌ಮಸ್ ರಜೆಯ ಉಪನ್ಯಾಸಗಳನ್ನು ಆರಂಭಿಸಿತು. 1827ರಿಂದ 1860ರವರೆಗೆ ಫ್ಯಾರಡೆ ಅವುಗಳ 19 ಸರಣಿಗಳನ್ನು ನಡೆಸಿಕೊಟ್ಟರು. ಅತ್ಯಂತ ಪ್ರಸಿದ್ಧವಾದದ್ದು ಮೇಣದಬತ್ತಿಯ ಸರಣಿ. ಜ್ವಾಲೆಯ ನಡುವೆ ಗಾಜಿನ ಕೊಳವೆ ಇಟ್ಟು, ಅದರ ಇನ್ನೊಂದು ತುದಿಯಲ್ಲಿ ಹೊರಬಂದ ಆವಿಗೆ ಬೆಂಕಿ ಹಚ್ಚಿದರು. ಉರಿಯುವುದು ಮೇಣದ ಆವಿ ಎಂಬುದು ಮಕ್ಕಳ ಕಣ್ಣಿಗೇ ಕಂಡಿತು. ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದಾಗ ನೀರಿನ ಹನಿಗಳು ಮೂಡಿದವು. ಬೆಂಕಿಯಿಂದಲೂ ನೀರು!

ಫ್ಯಾರಡೆ 1867ರಲ್ಲಿ ನಿಧನರಾದರು. ಎರಡನೇ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ ಆ ಉಪನ್ಯಾಸಮಾಲೆ ಇಂದಿಗೂ ನಡೆದುಬಂದಿದೆ.

ವಿದ್ಯಾರ್ಥಿಗಳೇ, ಬಡ ಹುಡುಗನೊಬ್ಬನ ಬಾಳನ್ನು ಬದಲಿಸಿದ್ದು ಒಂದು ಟಿಕೆಟ್ ಮತ್ತು ಒಂದು ನೋಟುಪುಸ್ತಕ. ಮುಂದಿನ ಬಾರಿ ಪ್ರಯೋಗ ನೋಡಲು ಕುಳಿತಾಗ ಚಪ್ಪಾಳೆಯಷ್ಟೇ ಸಾಲದು, ಕಂಡದ್ದನ್ನು ಬರೆದಿಡಿ.