ಬಡಗಿಯ ಕೈಗೆ ಒಲಿದ ಕುಂಚ: ಚಿ ಬೈಷಿ ಕಲಿತ ಬಗೆ

ಬೀಜಿಂಗ್ ನಗರದಲ್ಲಿ 2017ರ ಡಿಸೆಂಬರ್‌ನಲ್ಲಿ ನಡೆದ ಹರಾಜೊಂದರಲ್ಲಿ ಹನ್ನೆರಡು ನಿಸರ್ಗ ದೃಶ್ಯಗಳ ಚಿತ್ರಮಾಲೆಯೊಂದು 93.15 ಕೋಟಿ ಯುವಾನ್‌ಗೆ ಮಾರಾಟವಾಯಿತು. ಅಮೆರಿಕದ ನಾಣ್ಯದಲ್ಲಿ ಅದು 14 ಕೋಟಿ ಡಾಲರಿಗೂ ಹೆಚ್ಚು. ಹರಾಜಿನಲ್ಲಿ ಹತ್ತು ಕೋಟಿ ಡಾಲರ್ ದಾಟಿದ ಮೊದಲ ಚೀನೀ ಕಲಾಕೃತಿ ಅದು. ಆ ಚಿತ್ರಗಳನ್ನು 1925ರಲ್ಲಿ ಬರೆದವರು ಚಿ ಬೈಷಿ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅದೇ ನಗರದಲ್ಲಿ ಬೀಸಣಿಗೆಯ ಮೇಲಿನ ಚಿತ್ರವೊಂದಕ್ಕೆ ಎರಡು ಬೆಳ್ಳಿ ನಾಣ್ಯದ ಬೆಲೆ ಕಟ್ಟಿ ಅವರು ಗಿರಾಕಿಗಳಿಗಾಗಿ ಕಾದು ಕುಳಿತಿದ್ದರು. ಇತರ ಚಿತ್ರಕಾರರು ಕೇಳುತ್ತಿದ್ದ ದರದ ಅರ್ಧ ಅದು. ಆದರೂ ಕೊಳ್ಳುವವರು ವಿರಳವಾಗಿದ್ದರು.

ಈ ಎರಡು ಬೆಲೆಗಳ ನಡುವೆ ಇರುವುದು ಕೇವಲ ಕಾಲದ ಅಂತರವಲ್ಲ. ಅರವತ್ತರ ಹೊಸ್ತಿಲಲ್ಲಿ ನಿಂತಿದ್ದ ಮನುಷ್ಯನೊಬ್ಬ ತನಗೆ ಅನ್ನ ಕೊಟ್ಟ ವಿದ್ಯೆಯನ್ನು ಬದಿಗಿಟ್ಟು ಮತ್ತೆ ವಿದ್ಯಾರ್ಥಿಯಾದ ಕಥೆ ಅಲ್ಲಿದೆ.

ಬೂದಿಯ ಮೇಲಿನ ಅಕ್ಷರ

ಚಿ ಬೈಷಿ ಹುಟ್ಟಿದ್ದು 1864ರ ಜನವರಿ 1ರಂದು, ದಕ್ಷಿಣ ಚೀನಾದ ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್ ಪ್ರದೇಶದ ಬಡ ರೈತ ಕುಟುಂಬದಲ್ಲಿ. ಮನೆಯಲ್ಲಿ ಕಾಗದ, ಕುಂಚಗಳಿಗೆ ಹಣವಿರಲಿಲ್ಲ. ಚಳಿಗಾಲದಲ್ಲಿ ಬೆಂಕಿಯ ಮುಂದೆ ಮೊಮ್ಮಗನನ್ನು ಕೂರಿಸಿಕೊಂಡು ಅಜ್ಜ ಕಬ್ಬಿಣದ ಇಕ್ಕಳದಿಂದ ಬೂದಿಯ ಮೇಲೆ ಅಕ್ಷರಗಳನ್ನು ಬರೆದು ತಿದ್ದಿಸುತ್ತಿದ್ದರು. ಅಜ್ಜನಿಗೆ ಗೊತ್ತಿದ್ದದ್ದು ಸುಮಾರು 300 ಅಕ್ಷರಗಳು ಮಾತ್ರ. ಚೀನೀ ಲಿಪಿಯಲ್ಲಿ ಸಾವಿರಾರು ಅಕ್ಷರಗಳಿರುವುದರಿಂದ ಆ ಬಂಡವಾಳ ಬೇಗನೆ ಮುಗಿಯಿತು. ಬಳಿಕ ತಾಯಿಯ ತಂದೆ ನಡೆಸುತ್ತಿದ್ದ ಹಳ್ಳಿಯ ಶಾಲೆಗೆ ಹುಡುಗನನ್ನು ಸೇರಿಸಲಾಯಿತು. ಅಲ್ಲಿಯ ಓದು ಒಂದು ವರ್ಷವೂ ನಡೆಯಲಿಲ್ಲ. ಬೆಳೆ ಕೈಕೊಟ್ಟಿತು, ಮೈಯಲ್ಲಿ ಕಾಯಿಲೆ ಸೇರಿತು, ಶಾಲೆ ನಿಂತಿತು.

ಆ ಅಲ್ಪಾವಧಿಯಲ್ಲೇ ಹುಡುಗನಿಗೆ ಚಿತ್ರದ ಹುಚ್ಚು ಹಿಡಿದಿತ್ತು. ಸಹಪಾಠಿಯ ಮನೆಯ ಬಾಗಿಲಿಗೆ ಅಂಟಿಸಿದ್ದ ಗುಡುಗಿನ ದೇವರ ಚಿತ್ರದ ಮೇಲೆ ತೆಳು ಕಾಗದವಿಟ್ಟು ನಕಲು ತೆಗೆದದ್ದು ಮೊದಲ ಪ್ರಯತ್ನ. ಅಕ್ಷರ ತಿದ್ದಲು ಕೊಟ್ಟ ಪುಸ್ತಕದ ಹಾಳೆಗಳನ್ನು ಹರಿದು ಚಿತ್ರ ಬರೆದು ಬೈಸಿಕೊಂಡದ್ದೂ ಉಂಟು. ಕೊನೆಗೆ ಹಳೆಯ ಲೆಕ್ಕದ ಪುಸ್ತಕಗಳ ಹಾಳೆಗಳೇ ಗತಿಯಾದವು. ಎಮ್ಮೆ ಮೇಯಿಸುತ್ತ, ಸೌದೆ ಆಯುತ್ತ ಹುಡುಗ ಓದನ್ನೂ ಮುಂದುವರಿಸಿದ. ಓದಿನಲ್ಲಿ ಮೈಮರೆತು ಸಂಜೆ ತಡವಾಗುತ್ತಿದ್ದುದರಿಂದ ಅಜ್ಜಿ ಅವನ ಮೈಗೆ ಒಂದು ಗಂಟೆ ಕಟ್ಟಿದರು. ಗಂಟೆಯ ಸದ್ದು ಕೇಳಿದರೆ ಮೊಮ್ಮಗ ಬಂದನೆಂದು ಅವರಿಗೆ ಸಮಾಧಾನ. ಮುಂದೆ ಪ್ರಸಿದ್ಧರಾದ ಮೇಲೆ ಚಿ ಬೈಷಿ ಈ ಗಂಟೆಯ ನೆನಪನ್ನು ತಮ್ಮ ಮುದ್ರೆಯೊಂದರಲ್ಲಿ ಕೆತ್ತಿಕೊಂಡರು.

ಹೊಲದ ಕೆಲಸಕ್ಕೆ ಶರೀರ ಒಗ್ಗಲಿಲ್ಲ. ಹದಿಹರೆಯದಲ್ಲಿ ಬಡಗಿಯೊಬ್ಬರ ಬಳಿ ಕೆಲಸ ಕಲಿಯಲು ಬಿಟ್ಟರು. ತೊಲೆ ಎತ್ತಲಾಗದ ಹುಡುಗನನ್ನು ಮೊದಲ ಗುರು ಮನೆಗೆ ಕಳುಹಿಸಿಬಿಟ್ಟರು. ಎರಡನೆಯ ಗುರುವಿನ ಜೊತೆ ನಡೆದ ಒಂದು ಸಣ್ಣ ಘಟನೆ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದಾಗ ಎದುರಿಗೆ ಮೂವರು ಬಡಗಿಗಳು ಬಂದರು. ಗುರು ಪಕ್ಕಕ್ಕೆ ಸರಿದು ವಿನಯದಿಂದ ದಾರಿ ಬಿಟ್ಟರು. ಅವರೂ ಬಡಗಿಗಳೇ ಅಲ್ಲವೇ ಎಂದು ಶಿಷ್ಯನಿಗೆ ಆಶ್ಚರ್ಯ. ಅವರು ಸೂಕ್ಷ್ಮ ಕೆತ್ತನೆಯವರು, ತಾವು ಒರಟು ಕೆಲಸದವರು, ಇಬ್ಬರೂ ಸಮಾನರಲ್ಲ ಎಂಬುದು ಗುರುವಿನ ವಿವರಣೆ. ಹುಡುಗ ಅಂದೇ ಕೆತ್ತನೆ ಕಲಿಯಬೇಕೆಂದು ನಿಶ್ಚಯಿಸಿದ. 1878ರಲ್ಲಿ ಝೋ ಝಿಮೇ ಎಂಬ ಕುಶಲ ಕೆತ್ತನೆಗಾರರ ಶಿಷ್ಯನಾದ.

ಹೀಗೆ ಊರವರ ಬಾಯಲ್ಲಿ ಅವರು ಬಡಗಿ ಝಿ ಆದರು. ಮಂಚ, ಪೆಟ್ಟಿಗೆಗಳ ಮೇಲೆ ಹೂಬಳ್ಳಿ, ಪುರಾಣ ಪಾತ್ರಗಳನ್ನು ಕೆತ್ತುವುದು ವೃತ್ತಿಯಾಯಿತು. 1882ರ ಸುಮಾರಿಗೆ ಗಿರಾಕಿಯೊಬ್ಬರ ಮನೆಯಲ್ಲಿ ಕೆಲಸ ಮಾಡುವಾಗ ಅವರ ಕಣ್ಣಿಗೆ ಒಂದು ಪುಸ್ತಕ ಬಿತ್ತು. ಅದು ಸಾಸಿವೆಕಾಳಿನ ತೋಟದ ಕೈಪಿಡಿ. 1679ರಿಂದ ಭಾಗಭಾಗವಾಗಿ ಮುದ್ರಣಗೊಂಡ ಈ ಗ್ರಂಥ ಮರ, ಬಂಡೆ, ಹೂವು, ಹಕ್ಕಿಗಳನ್ನು ಒಂದೊಂದೇ ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಗುರುವಿಲ್ಲದ ಅಸಂಖ್ಯ ಚೀನೀಯರಿಗೆ ಇದೇ ಗುರು. ಸಿಕ್ಕ ಪ್ರತಿಯಲ್ಲಿ ಒಂದು ಸಂಪುಟ ಇರಲಿಲ್ಲ. ಅದನ್ನೇ ಕಡ ತಂದು, ಹಗಲು ಉಳಿ ಹಿಡಿದು, ರಾತ್ರಿ ದೀಪದ ಬೆಳಕಿನಲ್ಲಿ ತೆಳು ಕಾಗದವಿಟ್ಟು ಸುಮಾರು ಆರು ತಿಂಗಳು ನಕಲು ಮಾಡಿದರು. ಆ ಹಾಳೆಗಳು 16 ಪುಸ್ತಕಗಳಾದವು.

ಕುಂಚ ಹಿಡಿಯುವ ಮೊದಲು

ಇಲ್ಲಿ ಒಂದು ವಿವರಣೆ ಅಗತ್ಯ. ಚೀನೀ ಪರಂಪರೆಯಲ್ಲಿ ಚಿತ್ರಕಲೆಯೂ ಅಕ್ಷರಕಲೆಯೂ ಬೇರೆ ಬೇರೆ ವಿದ್ಯೆಗಳಲ್ಲ. ಕುಂಚ, ಮಸಿಕಡ್ಡಿ, ಮಸಿ ತೇಯುವ ಕಲ್ಲು, ಕಾಗದ ಎರಡಕ್ಕೂ ಒಂದೇ. ಆ ಕಾಗದ ನೀರನ್ನು ಕ್ಷಣದಲ್ಲಿ ಹೀರುತ್ತದೆ. ಇಟ್ಟ ಗೆರೆಯನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಕೈ ತಡೆದರೆ ಮಸಿ ಹರಡುತ್ತದೆ, ಅವಸರಿಸಿದರೆ ಗೆರೆ ಒಣಗುತ್ತದೆ. ಆದ್ದರಿಂದ ಬಿದಿರಿನ ಎಲೆ ಬರೆಯುವವನು ಮೊದಲು ಅಕ್ಷರದ ಗೆರೆಯನ್ನು ವರ್ಷಗಟ್ಟಲೆ ಸಾಧಿಸಬೇಕು. ಚಿತ್ರದ ಜೊತೆಗೆ ಕವಿತೆ, ಅದನ್ನು ಬರೆದ ಕೈಬರಹ, ಕೆಳಗೆ ಸ್ವತಃ ಕೆತ್ತಿದ ಕೆಂಪು ಮುದ್ರೆ, ಇಷ್ಟೂ ಕೂಡಿದಾಗಲೇ ವಿದ್ವಾಂಸರು ಒಬ್ಬನನ್ನು ಪೂರ್ಣ ಕಲಾವಿದನೆಂದು ಒಪ್ಪುತ್ತಿದ್ದರು. ಬಡಗಿಗೆ ಇವುಗಳಲ್ಲಿ ಮೂರು ವಿದ್ಯೆಗಳು ದೂರವೇ ಇದ್ದವು.

1889ರಲ್ಲಿ ಅದಕ್ಕೂ ದಾರಿ ತೆರೆಯಿತು. ಊರಿನ ವಿದ್ವಾಂಸ ಹು ಚಿನ್‌ಯುವಾನ್ ಅವರು ಈ ಕೆತ್ತನೆಗಾರನ ಆಸಕ್ತಿಯನ್ನು ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಬಿಳಿಯ ಕಲ್ಲು ಎಂಬ ಅರ್ಥದ ಬೈಷಿ ಎಂಬ ಹೆಸರು ದೊರೆತದ್ದೂ ಈ ಗುರುವಿನಿಂದಲೇ. ಕಾವ್ಯ, ಅಕ್ಷರಕಲೆ, ಸೂಕ್ಷ್ಮ ರೇಖೆಯ ಗೊಂಗ್‌ಬಿ ಶೈಲಿ ಒಟ್ಟೊಟ್ಟಿಗೆ ಸಾಗಿದವು. ಕ್ರಮೇಣ ಉಳಿ ಕೆಳಗಿಟ್ಟು, ಜನರ ಭಾವಚಿತ್ರ ಬರೆದು ಸಂಸಾರ ನಡೆಸುವಂತಾದರು. ಕೈಬರಹದಲ್ಲಿ ಮೊದಲು ಹುನಾನಿನವರೇ ಆದ ಹೆ ಶಾವೊಜಿ ಅವರನ್ನು ಅನುಸರಿಸಿದರು. ಮುಂದೆ ಲಿ ಯೋಂಗ್, ಜಿನ್ ನೊಂಗ್ ಅವರ ಬರಹಗಳನ್ನೂ ಪ್ರಾಚೀನ ಶಿಲಾಶಾಸನಗಳ ಅಚ್ಚುಗಳನ್ನೂ ಎದುರಿಗಿಟ್ಟುಕೊಂಡು ತಿದ್ದಿದರು.

ಮುದ್ರೆ ಕೆತ್ತನೆಯ ಕಥೆ ಬೇರೆಯೇ. ಚಾಂಗ್ಶಾದಿಂದ ಬಂದಿದ್ದ ಹೆಸರಾಂತ ಕೆತ್ತನೆಗಾರನೊಬ್ಬನಿಗೆ ಚಿ ಬೈಷಿ ಒಂದು ಕಲ್ಲು ಕೊಟ್ಟು ಮುದ್ರೆ ಮಾಡಿಕೊಡಲು ಕೇಳಿದರು. ಕಲ್ಲು ಸಮವಾಗಿಲ್ಲ, ಉಜ್ಜಿ ತಾ ಎಂದು ಆತ ಹಿಂದಿರುಗಿಸಿದ. ಉಜ್ಜಿ ತಂದರೂ ಅದೇ ಉತ್ತರ. ಅವಮಾನ ಸಹಿಸದ ಬಡಗಿ ಅಂದು ರಾತ್ರಿ ಸಣ್ಣ ಚಾಕುವೊಂದನ್ನು ಹಿಡಿದು ತಾವೇ ಕೆತ್ತಿಕೊಂಡರು. ಆಮೇಲೆ ಈ ವಿದ್ಯೆಯ ಗುಟ್ಟೇನೆಂದು ಗೆಳೆಯರೊಬ್ಬರನ್ನು ಕೇಳಿದಾಗ, ಒಂದು ಹೊರೆ ಕಲ್ಲು ತಂದು, ಕೆತ್ತಿ, ಉಜ್ಜಿ ಅಳಿಸಿ, ಮತ್ತೆ ಕೆತ್ತಿ, ಕಲ್ಲೆಲ್ಲ ಕೆಸರಾಗುವವರೆಗೆ ಬಿಡಬಾರದೆಂಬ ಸಲಹೆ ಬಂತು. ಅದು ಅರ್ಧ ತಮಾಷೆಯ ಮಾತಿದ್ದರೂ ಇರಬಹುದು. ಚಿ ಬೈಷಿ ಮಾತ್ರ ಅದನ್ನು ಅಕ್ಷರಶಃ ಪಾಲಿಸಿದರು. ಕಲ್ಲು ಉಜ್ಜಿದ ನೀರಿನಿಂದ ಕೋಣೆಯ ಒಂದು ಮೂಲೆ ಒದ್ದೆಯಾದರೆ ಇನ್ನೊಂದು ಮೂಲೆಗೆ ಸರಿಯುತ್ತ, ಕಡೆಗೆ ಇಡೀ ಕೋಣೆ ಕೆಸರಾಯಿತು. ಇಬ್ಬದಿಯಿಂದ ನಯವಾಗಿ ಕೊರೆಯದೆ ಒಂದೇ ಏಟಿಗೆ ಗೆರೆ ಮೂಡಿಸುವ ಅವರ ಮುಂದಿನ ದಿನಗಳ ದಿಟ್ಟ ಕೆತ್ತನೆಯಲ್ಲಿ ಮರಗೆಲಸದ ಕೈಬಲ ಸ್ಪಷ್ಟವಾಗಿ ಕಾಣುತ್ತದೆ.

1902ರಿಂದ 1909ರವರೆಗೆ ಅವರು ಐದು ಬಾರಿ ದೂರಪ್ರಯಾಣ ಕೈಗೊಂಡು ಐದು ಬಾರಿ ಮರಳಿದರು. ಶಿಆನ್, ಬೀಜಿಂಗ್, ಗುಯಿಲಿನ್, ಗುವಾಂಗ್‌ಡಾಂಗ್ ಮೊದಲಾದ ಕಡೆ ಬೆಟ್ಟ ನದಿಗಳನ್ನೂ ಹಳೆಯ ಮಹನೀಯರ ಮೂಲಕೃತಿಗಳನ್ನೂ ಕಂಡರು. ರಾಜಮಾತೆ ಸಿಶಿಯ ಆಸ್ಥಾನಕ್ಕೆ ಚಿತ್ರಕಾರನಾಗಿ ಶಿಫಾರಸು ಮಾಡುವ ಪ್ರಸ್ತಾಪ ಬಂದಾಗ ಒಪ್ಪದೆ ಊರಿಗೆ ಹೊರಟರು. ಹದಿನೇಳನೆಯ ಶತಮಾನದ ಬಾದಾ ಶಾನ್‌ರೆನ್ ಅವರ ಕೃತಿಗಳು ಅವರನ್ನು ವಿಶೇಷವಾಗಿ ಸೆಳೆದವು. ವಿವರಗಳನ್ನು ತುಂಬುವ ಶೈಲಿಯಿಂದ ಕೆಲವೇ ಗೆರೆಗಳಲ್ಲಿ ಭಾವ ಹಿಡಿಯುವ ಶೈಲಿಗೆ ಕೈ ಹೊರಳಿದ್ದು ಈ ವರ್ಷಗಳಲ್ಲಿ.

ಹತ್ತು ವರ್ಷಗಳ ಪಣ

ಇಲ್ಲಿಗೇ ನಿಂತಿದ್ದರೆ ಅವರು ಹುನಾನಿನ ಗೌರವಾನ್ವಿತ ಸ್ಥಳೀಯ ಕಲಾವಿದರಾಗಿ ಉಳಿಯುತ್ತಿದ್ದರು. ಊರಿನಲ್ಲಿ ದರೋಡೆಕೋರರ ಹಾವಳಿ ಹೆಚ್ಚಿ 1917ರಲ್ಲಿ ಬೀಜಿಂಗ್‌ಗೆ ಬಂದರು. 1919ರಲ್ಲಿ ಅಲ್ಲಿಯೇ ನೆಲೆಸಿದರು. ಫಾಯುವಾನ್ ದೇವಾಲಯದಲ್ಲಿ ವಾಸ, ಲಿಯುಲಿಚಾಂಗ್ ಬೀದಿಯ ಕಾಗದದ ಅಂಗಡಿಯಲ್ಲಿ ಮಾರಾಟ. ಬಾದಾ ಶಾನ್‌ರೆನ್ ಅವರ ಹಾದಿಯಲ್ಲಿದ್ದ ಅವರ ಶೀತಲ, ವಿರಳ ಚಿತ್ರಗಳು ರಾಜಧಾನಿಯ ಕೊಳ್ಳುಗರಿಗೆ ಹಿಡಿಸಲಿಲ್ಲ. ವಿದ್ವಾಂಸ ವಲಯಕ್ಕೆ ಅವರು ಇನ್ನೂ ಹಳ್ಳಿಯ ಬಡಗಿಯೇ. ಗದ್ದೆಯ ಬದುವಿನ ಮೇಲೆ ಕಂಡಿದ್ದ ಆ ಮೇಲುಕೀಳು ಇಲ್ಲಿ ಇನ್ನೂ ನಾಜೂಕಾದ ವೇಷದಲ್ಲಿ ಎದುರಾಗಿತ್ತು.

ಅಂಗಡಿಯಲ್ಲಿದ್ದ ಮುದ್ರೆಗಳನ್ನು ಕಂಡು ಮೆಚ್ಚಿ ಅವರನ್ನು ಹುಡುಕಿಕೊಂಡು ಬಂದವರು ಚೆನ್ ಶಿಝೆಂಗ್. ಕವಿ ಚೆನ್ ಸಾನ್ಲಿ ಅವರ ಮಗ, ಜಪಾನಿನಲ್ಲಿ ಓದಿದವರು, ವಯಸ್ಸಿನಲ್ಲಿ ಚಿ ಬೈಷಿಗಿಂತ ಹನ್ನೆರಡು ವರ್ಷ ಕಿರಿಯರು. ಯಾರನ್ನೂ ಹೋಲದೆ, ಮೆಚ್ಚುಗೆಗೆ ಕಾಯದೆ ಸ್ವಂತ ದಾರಿ ಹಿಡಿಯುವಂತೆ ಅವರು ಸಲಹೆ ನೀಡಿದರು. ಕಿರಿಯರ ಮಾತನ್ನು ಹಿರಿಯರು ಸ್ವೀಕರಿಸಿದರು. ಈ ಸಂಗತಿ, ನಮಗನ್ನಿಸುವಂತೆ, ಚಿ ಬೈಷಿಯವರ ಬದುಕಿನ ಅತ್ಯಂತ ದೊಡ್ಡ ಗುಣಕ್ಕೆ ಸಾಕ್ಷಿ.

ಸುಮಾರು ಹತ್ತು ವರ್ಷ ಈ ಪರಿವರ್ತನೆ ನಡೆಯಿತು. ಚೀನೀ ಕಲಾ ಇತಿಹಾಸ ಇದನ್ನು ಇಳಿವಯಸ್ಸಿನ ಶೈಲಿ ಬದಲಾವಣೆ ಎಂದೇ ಗುರುತಿಸುತ್ತದೆ. ಅದು ಮೋಜಿನ ಪ್ರಯೋಗವಾಗಿರಲಿಲ್ಲ. ಊರಿನಲ್ಲಿ ವೃದ್ಧ ತಂದೆತಾಯಿ, ಪತ್ನಿ, ಮಕ್ಕಳಿದ್ದರು. ಬೀಜಿಂಗ್‌ನಲ್ಲಿ ಹೊಸ ಸಂಸಾರ ಆರಂಭವಾಗಿತ್ತು. ಕೈಗೆ ಬಂದಿದ್ದ ಶೈಲಿ ಬಿಟ್ಟು ಹೊಸದು ಫಲಿಸದಿದ್ದರೆ ಎರಡು ಮನೆಗಳಿಗೂ ಅನ್ನವಿಲ್ಲ. ರಾಜಧಾನಿಯಲ್ಲಿ ಉಪವಾಸ ಬಿದ್ದರೂ ಹಿಂದಕ್ಕೆ ಹೋಗುವುದಿಲ್ಲವೆಂದು ಅವರು ನಿರ್ಧರಿಸಿಯಾಗಿತ್ತು. ಎಲೆಗಳಿಗೆ ದಟ್ಟ ಕಪ್ಪು ಮಸಿ, ಹೂವಿಗೆ ಕಣ್ಣು ಕೋರೈಸುವ ಕೆಂಪು, ಹೀಗೆ ಹಳ್ಳಿಯ ಬಣ್ಣಗಾರಿಕೆಯೂ ಪಂಡಿತರ ಮಸಿಯೂ ಒಂದೇ ಹಾಳೆಯ ಮೇಲೆ ಕೂಡಿದವು. ವಸ್ತುಗಳೂ ಅವರ ಬಾಲ್ಯದವೇ: ಎಲೆಕೋಸು, ಕೋಳಿಮರಿ, ದೀಪದ ಬಳಿಯ ಇಲಿ, ತರಗೆಲೆ ಗೋರುವ ಕೋಲು, ಲೆಕ್ಕದ ಮಣಿಚೌಕಟ್ಟು. ಪಂಡಿತ ಚಿತ್ರಕಾರರು ಇವುಗಳಲ್ಲಿ ಹಲವನ್ನು ಮುಟ್ಟಿಯೂ ಇರಲಿಲ್ಲ.

1922ರಲ್ಲಿ ಚೆನ್ ಶಿಝೆಂಗ್ ಟೋಕಿಯೊದಲ್ಲಿ ನಡೆದ ಚೀನಾ-ಜಪಾನ್ ಜಂಟಿ ಪ್ರದರ್ಶನಕ್ಕೆ ಈ ಚಿತ್ರಗಳನ್ನು ಒಯ್ದರು. ಎಲ್ಲವೂ ಮಾರಾಟವಾದವು. ಹೂವಿನ ಚಿತ್ರವೊಂದಕ್ಕೆ ನೂರು ಬೆಳ್ಳಿ ನಾಣ್ಯ ಬಂತು. ವಿದೇಶದಲ್ಲಿ ಬೆಲೆ ಬಂದ ಮೇಲೆ ಬೀಜಿಂಗ್ ಕೂಡ ಕಣ್ಣು ತೆರೆಯಿತು. ಮರುವರ್ಷವೇ ಚೆನ್ ತೀರಿಕೊಂಡರು. ಗೆಳೆಯನ ಪೂರ್ಣ ಯಶಸ್ಸನ್ನು ನೋಡಲು ಅವರಿರಲಿಲ್ಲ.

ಚಿ ಬೈಷಿಯವರನ್ನು ಮನೆಮಾತಾಗಿಸಿದ್ದು ಸೀಗಡಿ. ಮೊದಲು ಹಳೆಯ ಚಿತ್ರಗಳನ್ನು ನೋಡಿ ಸೀಗಡಿ ಬರೆಯುತ್ತಿದ್ದವರು ಅರವತ್ತರ ಬಳಿಕ ಮೇಜಿನ ಮೇಲಿನ ಬಟ್ಟಲಿನಲ್ಲಿ ಜೀವಂತ ಸೀಗಡಿಗಳನ್ನು ಸಾಕಿದರು. ದಿನವೂ ಅವುಗಳ ಚಲನೆಯನ್ನು ಗಮನಿಸಿ ಬರೆದರು. ವರ್ಷ ಕಳೆದಂತೆ ಗೆರೆಗಳು ಹೆಚ್ಚಲಿಲ್ಲ, ಕಡಿಮೆಯಾದವು. ಹೊಟ್ಟೆಯ ಕೆಳಗಿನ ಕಾಲುಗಳು ಹತ್ತರಿಂದ ಎಂಟಕ್ಕೆ, ಆರಕ್ಕೆ, ಕೊನೆಗೆ ಐದಕ್ಕೆ ಇಳಿದವು. ತಲೆಯ ತಿಳಿಮಸಿ ಆರುವ ಮುನ್ನ ಅದರೊಳಗೆ ಒಂದು ದಟ್ಟ ಚುಕ್ಕೆ ಬಿದ್ದರೆ ಸಾಕು, ಚಿಪ್ಪು ಪಾರದರ್ಶಕವಾಗುತ್ತಿತ್ತು. ನೀರನ್ನು ಅವರು ಬರೆಯಲೇ ಇಲ್ಲ. ಖಾಲಿ ಕಾಗದವೇ ನೋಡುವವರ ಕಣ್ಣಿಗೆ ನೀರಾಯಿತು. ಎಂಬತ್ತರ ಹೊತ್ತಿಗೆ ಸೀಗಡಿಗೆ ಅಂತಿಮ ರೂಪ ದೊರೆಯಿತು. ವಿಪರ್ಯಾಸವೆಂದರೆ, ನಿಸರ್ಗ ಚಿತ್ರಗಳನ್ನು ಸಮಕಾಲೀನರು ಹೀಗಳೆದದ್ದರಿಂದ ಅವುಗಳನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. 2017ರಲ್ಲಿ ದಾಖಲೆ ಬರೆದದ್ದು ಅಂಥ ಚಿತ್ರಗಳೇ.

1928ರ ಸುಮಾರಿಗೆ ಕಲಾಶಾಲೆಯ ಮುಖ್ಯಸ್ಥರಾಗಿ ಬಂದ ಶು ಬೆಯ್‌ಹೋಂಗ್ ಅವರನ್ನು ಅಧ್ಯಾಪಕರಾಗಲು ಆಹ್ವಾನಿಸಿದರು. ಮುಂದೆ 1940ರಲ್ಲಿ ಶಾಂತಿನಿಕೇತನದಲ್ಲಿದ್ದಾಗ ಗಾಂಧೀಜಿಯವರ ರೇಖಾಚಿತ್ರ ಬರೆದವರು ಇದೇ ಶು. ಶಾಲೆಯ ಓದಿಲ್ಲದ ತಾನು ಪಾಠ ಹೇಳುವುದೇ ಎಂಬ ಅಳುಕಿನಿಂದ ಚಿ ಬೈಷಿ ಎರಡು ಬಾರಿ ನಿರಾಕರಿಸಿ ಮೂರನೆಯ ಬಾರಿ ಒಪ್ಪಿದರು. ಶಿಷ್ಯರಲ್ಲಿ ಲಿ ಕುಚಾನ್ ಎಂಬ ಬಡ ಯುವಕನಿದ್ದ. ರಾತ್ರಿ ರಿಕ್ಷಾ ಎಳೆದು ಹಗಲು ಚಿತ್ರ ಕಲಿಯುತ್ತಿದ್ದ ಅವನಿಂದ ಶುಲ್ಕ ಪಡೆಯಲಿಲ್ಲ. ತನ್ನನ್ನು ನಕಲು ಮಾಡುವವನು ಉಳಿಯಲಾರನೆಂದು ಶಿಷ್ಯರನ್ನು ಎಚ್ಚರಿಸುತ್ತಿದ್ದರು.

ಹಣದ ವಿಷಯದಲ್ಲಿ ಅವರು ಬಿಗಿ ಕೈಯವರು. ಗೋಡೆಗೆ ದರಪಟ್ಟಿ ಅಂಟಿಸಿ ಚೌಕಾಸಿ ನಿಷೇಧಿಸಿದ್ದರು; ಮನೆಯ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲೇ. ಆದರೆ ಜಪಾನಿ ಸೇನೆ ಬೀಜಿಂಗ್ ಆಕ್ರಮಿಸಿದ್ದ ಕಾಲದಲ್ಲಿ, 1940ರಲ್ಲಿ, ಅಧಿಕಾರಿಗಳಿಗೆ ಚಿತ್ರ ಮಾರುವುದಿಲ್ಲವೆಂಬ ಸೂಚನೆಯನ್ನು ಬಾಗಿಲಿಗೆ ಅಂಟಿಸಿದವರೂ ಇವರೇ. 1944ರಲ್ಲಿ ಕಲಾಶಾಲೆಯಿಂದ ಬಂದ ಕಲ್ಲಿದ್ದಲಿನ ಪಾಲನ್ನು ನಿರಾಕರಿಸಿದರು. ಜಿಪುಣನೆಂದು ನಕ್ಕವರಿಗೆ ಈ ಲೆಕ್ಕ ಅರ್ಥವಾಗಿರಲಿಕ್ಕಿಲ್ಲ.

ಹೊಸ ಚೀನಾದಲ್ಲಿ ಗೌರವಗಳು ಸಾಲುಗಟ್ಟಿ ಬಂದವು. 1953ರಲ್ಲಿ ಸಂಸ್ಕೃತಿ ಸಚಿವಾಲಯ ಸನ್ಮಾನಿಸಿತು. ವಿಶ್ವ ಶಾಂತಿ ಮಂಡಳಿಯ 1955ರ ಸಾಲಿನ ಪ್ರಶಸ್ತಿಯನ್ನು ಮರುವರ್ಷ ಪ್ರದಾನ ಮಾಡಲಾಯಿತು. ಅವರ ಕೊನೆಯ ವರ್ಷಗಳ ಚಿತ್ರಗಳಲ್ಲಿ ವಯಸ್ಸು ನಿಜಕ್ಕಿಂತ ಹೆಚ್ಚಾಗಿ ನಮೂದಾಗಿರುವುದನ್ನು ನೋಡಿ ಗೊಂದಲಗೊಳ್ಳಬೇಕಿಲ್ಲ. 1937ರಲ್ಲಿ ಗಂಡಾಂತರವಿದೆಯೆಂದು ಜೋತಿಷಿ ಹೇಳಿದ್ದರಿಂದ ಅದನ್ನು ತಪ್ಪಿಸಿಕೊಳ್ಳಲು 75ರಿಂದ ನೇರವಾಗಿ 77ಕ್ಕೆ ಹಾರಿದ್ದರು. ಚೀನೀ ಎಣಿಕೆಯಲ್ಲಿ ಹುಟ್ಟಿದಾಗಲೇ ಒಂದು ವರ್ಷ ಕೂಡುವುದರಿಂದ ಅಂತರ ಇನ್ನೂ ಹೆಚ್ಚು.

ದೃಷ್ಟಿ ಚೆನ್ನಾಗಿದ್ದಾಗ ಕೂದಲೆಳೆಯಂಥ ಗೆರೆಗಳಲ್ಲಿ ಮಿಡತೆ, ಚಿಟ್ಟೆ, ದುಂಬಿಗಳನ್ನು ಬರೆದು ಹಾಳೆಯ ಉಳಿದ ಭಾಗವನ್ನು ಖಾಲಿ ಬಿಟ್ಟು ಎತ್ತಿಡುವುದು ಅವರ ರೂಢಿಯಾಗಿತ್ತು. ಮುಪ್ಪಿನಲ್ಲಿ ಅಂಥ ಹಾಳೆಗಳನ್ನು ಹೊರತೆಗೆದು ದಪ್ಪ ಕುಂಚದಿಂದ ಹೂವು, ಎಲೆ ಸೇರಿಸಿ ಪೂರ್ಣಗೊಳಿಸುತ್ತಿದ್ದರು. 1957ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಅವರು ಒಂದು ಪಿಯೋನಿ ಹೂವಿನ ಚಿತ್ರ ಬರೆದರು. ಗೆರೆಗಳು ನಡುಗಿವೆ, ದಳಗಳು ಒಂದರಲ್ಲೊಂದು ಕರಗಿವೆ, ಕೆಂಪು ಮಾತ್ರ ಮಾಸಿಲ್ಲ. ಅವರ ಕಡೆಯ ಚಿತ್ರ ಅದೇ ಎಂದು ಹೇಳಲಾಗುತ್ತದೆ. ಆ ವರ್ಷ ಸೆಪ್ಟೆಂಬರ್ 16ರಂದು ಅವರು ಬೀಜಿಂಗ್‌ನಲ್ಲಿ ನಿಧನರಾದರು. ಹೂವು ಸೇರಿಸದೆ ಉಳಿದ ಕೀಟಗಳ ಹಾಳೆಗಳು ಇಂದಿಗೂ ಹಾಗೆಯೇ ಇವೆ.