ಮದ್ದಿನ ಜೊತೆ ಮನೆ, ನೀರು ಕೇಳಿದ ಡಾಕ್ಟರು

ಫ್ರೆಡ್ ಹಾಲೋಸ್ ಹುಟ್ಟಿದ್ದು 1929ರಲ್ಲಿ, ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ. ಕಣ್ಣಿನ ಡಾಕ್ಟರಾಗಿ 1965ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಬಂದರು. 1968ರಲ್ಲಿ ವಾಟಿ ಕ್ರೀಕಿಗೆ ಹೋದರು. ಸರಿಯಾದ ಕೂಲಿಗಾಗಿ, ತಮ್ಮ ನೆಲಕ್ಕಾಗಿ ಬಿಳಿಯರ ದನದ ಫಾರ್ಮು ಬಿಟ್ಟು ಹೊರಬಂದ ಗುರಿಂಜಿ ಮೂಲನಿವಾಸಿಗಳು ಅಲ್ಲಿ ಬೀಡುಬಿಟ್ಟಿದ್ದರು. ಅವರ ಕಣ್ಣು ನೋಡಿ ಡಾಕ್ಟರು ದಂಗಾದರು. ಬಿಳಿಯರ ಪಟ್ಟಣಗಳಿಂದ ಎಂದೋ ಮಾಯವಾಗಿದ್ದ ಟ್ರಕೋಮಾ ರೋಗ ಅಲ್ಲಿತ್ತು. ಅದು ಮತ್ತೆ ಮತ್ತೆ ಅಂಟಿದರೆ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತೆ. ಕೂದಲು ಗುಡ್ಡೆಯನ್ನು ಉಜ್ಜಿ ಉಜ್ಜಿ ಕುರುಡು ಮಾಡುತ್ತೆ.

1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳೇ ನಡೆಸುವ ದವಾಖಾನೆ ಕಟ್ಟಲು ಹೆಗಲು ಕೊಟ್ಟರು. 1976ರಿಂದ 1978ರವರೆಗೆ ಅವರ ತಂಡ ಕೇರಿ ಕೇರಿ ತಿರುಗಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಕಣ್ಣು ನೋಡಿತು. ಮದ್ದು ಕೊಟ್ಟರು, ಆಪರೇಷನ್ ಮಾಡಿದರು. ಆದರೆ ಇಕ್ಕಟ್ಟಾದ ಗುಡಿಸಲಲ್ಲಿ ಮನೆಮಂದಿಯೆಲ್ಲ ಮಲಗಿ, ಮಕ್ಕಳ ಮುಖ ತೊಳೆಯಲು ನಲ್ಲಿಯಿಲ್ಲದೆ, ನೊಣ ಮುತ್ತಿದರೆ ರೋಗ ತಿರುಗಿ ಬರದೆ ಇರುತ್ತಾ? ಬೇರು ಕೊಳೆತ ಗಿಡದ ಎಲೆಗೆ ಮದ್ದು ಹೊಡೆದಂಗೆ ಅದು. ಅದಕ್ಕೇ ಹಾಲೋಸ್ ಮದ್ದಿನ ಜೊತೆ ಒಳ್ಳೆ ಮನೆ, ನೀರು, ನೈರ್ಮಲ್ಯವನ್ನೂ ಕೇಳಿದರು.

1993ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಇಷ್ಟದಂತೆ ಸಿಡ್ನಿಯಲ್ಲಲ್ಲ, ತಾವು ಕಣ್ಣು ನೋಡಲು ಹೋಗುತ್ತಿದ್ದ ಬರ್ಕ್ ಊರಿನ ಒಣನೆಲದಲ್ಲೇ ಮಣ್ಣು ಮಾಡಿದರು.