ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಮೇಷ್ಟ್ರು

ನಮ್ಮ ದಾದಾ ದಿನವೂ ಕೇಳುವ ಆಕಾಶವಾಣಿಯ ಹೆಸರು, ಪಾಲಹಳ್ಳಿಗೆ ಹತ್ತಿರದ ಮೈಸೂರಿನಲ್ಲಿ ಒಂದು ಮನೆಯಿಂದ ಹೊರಟದ್ದು.

ಡಾ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಓದಿ ಬಂದವರು. ರೇಡಿಯೋ ಅವರ ಹವ್ಯಾಸ. 1935ರಲ್ಲಿ ಸ್ವಂತ ಹಣ ಹಾಕಿ, 30 ವ್ಯಾಟ್‌ನ ಟ್ರಾನ್ಸ್‌ಮಿಟರ್‌ನಿಂದ ತಮ್ಮ ಮನೆ ವಿಠಲ ವಿಹಾರದಲ್ಲೇ ಪ್ರಸಾರ ಆರಂಭಿಸಿದರು. ಕುವೆಂಪು ಅಲ್ಲಿ ಕವಿತೆ ಓದಿದರು.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಕಾಣುವುದು ಖರ್ಚು ಮಾತ್ರ; ಲಾಭದ ಕಡೆ ಏನೂ ಇಲ್ಲ. ಆದರೂ ಅವರು ಕೆಲವು ವರ್ಷ ನಡೆಸಿದರು. ಆಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು.

ಇಂದು 12 ವರ್ಷ ತುಂಬಿದವರು ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಪರವಾನಗಿ ಪಡೆಯಬಹುದು. ನಮ್ಮ ಕಾಲೇಜಿನಲ್ಲೂ ಒಂದು ಸೆಟ್ ಇರಲಿ ಎಂದು ಗುರುಗಳಲ್ಲಿ ನನ್ನ ವಿನಂತಿ.